ಸೆನ್ಯೊರೀತಾಗೆ ಯಾವ ಪ್ರಾಸ?

ಯುವ ದಸರಾಕ್ಕೋ ಕಾಲೇಜು ಫೆಸ್ಟಿಗೋ ಹಾಡು ಕಟ್ಟುವವರು ಪಲ್ಲವಿಯಲ್ಲಿ ಒಂದು ಸ್ಪ್ಯಾನಿಷ್ ಪದ ಇಡುತ್ತಾರೆ. ಪ್ರಾಸ ಹುಡುಕಹೊರಟಾಗ ಎರಡನೇ ಸಾಲಿಗೇ ಪೆನ್ನು ನಿಂತುಬಿಡುತ್ತದೆ. ಪದ ಇಂಗ್ಲಿಷಿನ ದಾರಿ ಹಿಡಿದು ಬಂದಿರುವುದೇ ತೊಂದರೆ.

ಮೊದಲು ಉಚ್ಚಾರ ಸರಿಪಡಿಸಿಕೊಳ್ಳಿ. ಸ್ಪ್ಯಾನಿಷಿನ ‘ಟಿ’, ‘ಡಿ’ ನಮ್ಮ ತ, ದ ಇದ್ದಂತೆ. ‘ಸೆನೊರಿಟಾ’ (ಕುಮಾರಿ) ಎಂದು ಬರೆದರೆ ‘ಕಿರೀಟ’ ಬಿಟ್ಟು ಹೆಚ್ಚೇನೂ ಸಿಗದು. ಪ್ರೇಮಗೀತೆಗೆ ಕಿರೀಟ ಯಾಕೆ? ‘ಸೆನ್ಯೊರೀತ’ ಎನ್ನಿ. ಗೀತ, ಸಂಗೀತ, ವಿನೀತ, ಅತೀತ ಸಾಲಾಗಿ ಬರುತ್ತವೆ. ಎರಡು ‘ಎಲ್’ ಸೇರಿದರೆ ಹೆಚ್ಚಿನ ಕಡೆ ‘ಯ’ಕ್ಕೆ ಹತ್ತಿರ. ಆದ್ದರಿಂದ ‘ಬೆಲ್ಲಾ’ (ಚೆಲುವೆ) ಎಂದು ಹಾಡಿದರೆ ಅದು ಇಟಾಲಿಯನ್. ಮಂಡ್ಯದಲ್ಲಂತೂ ಆಲೆಮನೆಯೇ ನೆನಪಾಗುತ್ತದೆ.

ಆಮೇಲೆ ದನಿಯ ಒತ್ತು ಎಲ್ಲಿದೆ ನೋಡಿ. ಸ್ವರ, ‘ಎನ್’ ಅಥವಾ ‘ಎಸ್’ನಿಂದ ಮುಗಿಯುವ ಪದಕ್ಕೆ ಕೊನೆಯಿಂದ ಎರಡನೇ ಉಚ್ಚಾರಾಂಶದ ಮೇಲೆ, ಉಳಿದವಕ್ಕೆ ಕೊನೆಯದರ ಮೇಲೆ ಒತ್ತು. ಈ ನಿಯಮ ಮೀರಿದ ಪದದಲ್ಲಿ ಒತ್ತಿನ ಸ್ವರದ ನೆತ್ತಿಯ ಮೇಲೆ ಗೆರೆ ಇರುತ್ತದೆ. ಕನ್ನಡದಲ್ಲಿ ಆ ಒತ್ತನ್ನು ಗುರುವಾಗಿಸಿ: ಅ-ಮೀ-ಗ, ನಾಲ್ಕು ಮಾತ್ರೆ.

ಪ್ರಾಸ ಶುರುವಾಗುವುದು ಆ ಗುರುವಿನ ಸ್ವರದಿಂದ, ಕೊನೆಯ ಅಕ್ಷರದಿಂದಲ್ಲ. ‘ಅಮೀಗ’ (ಗೆಳತಿ) ಪದಕ್ಕೆ ‘ಈಗ’, ‘ಬೀಗ’ ಪೂರ್ತಿ ಹೊಂದುತ್ತವೆ. ‘ರಾಗ’ ಅರ್ಧ ಮಾತ್ರ. ಸ್ವರಗಳಷ್ಟೇ ಕೂಡಿದರೂ ಸ್ಪ್ಯಾನಿಷ್ ಕಾವ್ಯ ಒಪ್ಪುತ್ತದೆ, ಹಾಗಾಗಿ ‘ಗೀತ’ವೂ ನಡೆಯುತ್ತದೆ. ಆದಿಪ್ರಾಸದ (ಎರಡನೇ ಅಕ್ಷರ ಕೂಡುವ ಪ್ರಾಸ) ಹುಚ್ಚಿದ್ದವರಿಗೆ ‘ಅಮೀಗ–ಸಮೀಪ’ ಇದೆ.

ಗೆಳೆಯನಾದರೆ ‘ಅಮೀಗೊ’. ಓಕಾರದಲ್ಲಿ ಮುಗಿಯುವ ಪದ ಗ್ರಂಥಭಾಷೆಯಲ್ಲಿ ಅಪರೂಪ. ಇಲ್ಲಿ ಕೈಹಿಡಿಯುವುದು ನಮ್ಮ ಕಡೆಯ ಆಡುಮಾತು: ‘ಬೀಗುವ’ ಅಲ್ಲ ‘ಬೀಗೋ’, ‘ನೀಗುವ’ ಅಲ್ಲ ‘ನೀಗೋ’. ಕೊನೆಯ ಓಕಾರವನ್ನು ಎಳೆಯಬೇಡಿ, ಎಳೆದರೆ ಒತ್ತು ಜಾರಿ ಅಲ್ಲಿಗೆ ಹೋಗುತ್ತದೆ.

‘ಮನ್ಯಾನ’ (ನಾಳೆ) ಪದಕ್ಕೆ ಗಾನ, ಯಾನ, ಧ್ಯಾನ. ಹಳ್ಳಿಯ ‘ಗ್ಯಾನ’ವಂತೂ ಇನ್ನೂ ಸೊಗಸು. ಒಂದು ಎಚ್ಚರ: ಬರೆಯುವಾಗ ‘ನ್ಯಾ’ ಒತ್ತಕ್ಷರವಾಗಿ ‘ಮ’ ಗುರುವೆನಿಸುತ್ತದೆ. ಸ್ಪ್ಯಾನಿಷಿನಲ್ಲಿ ಅದು ಒಂದೇ ವ್ಯಂಜನ. ಸಂಗೀತ ಕೂರಿಸುವವರಿಗೆ ‘ಮ’ ಹಗುರ ಎಂದು ಮೊದಲೇ ಹೇಳಿಬಿಡಿ.

ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಅಚ್ಚಗನ್ನಡ ಕೈಕೊಡುತ್ತದೆ. ‘ಅಮೋರ್’ಗೆ (ಪ್ರೀತಿ) ಉಕಾರ ನುಂಗಿದ ‘ಜೋರ್’, ‘ಕೊರಸೋನ್’ಗೆ (ಹೃದಯ) ‘ಫೋನ್’, ‘ಲೋನ್’. ಹೃದಯಕ್ಕೂ ಲೋನ್‌ಗೂ ಪ್ರಾಸ ಕೂಡುವುದು ತಮಾಷೆ ಹಾಡಿಗೆ ಮಾತ್ರ. ಗಂಭೀರ ಹಾಡಾದರೆ ಅಕಾರ ನುಂಗಿ ‘ಹೋಗೋಣ್’ ಎಂದು ಸ್ವರಪ್ರಾಸಕ್ಕೆ ತೃಪ್ತಿಪಡಿ.

ಇನ್ನು ಜಾಗ. ಪರಭಾಷೆಯ ಪದ ಮೊದಲ ಸಾಲಿನಲ್ಲಿರಲಿ, ಕನ್ನಡದ್ದು ಎರಡನೆಯದರಲ್ಲಿ:

ಕೇಳು ಬಾ ಅಮೀಗ
ಮನಸಿಗಿಲ್ಲ ಬೀಗ

ಎರಡಕ್ಕೂ ಒಂಬತ್ತು ಮಾತ್ರೆ. ಸಾಲುಗಳನ್ನು ಅದಲುಬದಲು ಮಾಡಿ ಹಾಡಿನೋಡಿ. ‘ಅಮೀಗ’ ಪ್ರಾಸಕ್ಕಾಗಿಯೇ ತುರುಕಿದ್ದು ಎಂದು ಕೇಳುಗರಿಗೆ ತಕ್ಷಣ ಗೊತ್ತಾಗುತ್ತದೆ.