ಕಾಲಾಳಿಗೆ ಕಾಲೇ ಮೊದಲು

ಪದಾತಿ ದಳಕ್ಕೆ ಸೇರಿದ ಹೊಸದರಲ್ಲಿ ನನ್ನ ಗಮನವೆಲ್ಲ ರೈಫಲ್ ಮೇಲೆ. ನಮ್ಮ ಸಣ್ಣ ತುಕಡಿಯ (ಸೆಕ್ಷನ್) ಕಮಾಂಡರ್ ಮಾತ್ರ ದಿನಾ ನಮ್ಮ ಕಾಲು ನೋಡುತ್ತಿದ್ದರು. ಯಾಕೆ ಅಂತ ಮೊದಲ ಉದ್ದನೆಯ ಮಾರ್ಚ್‌ನಲ್ಲಿ ಗೊತ್ತಾಯಿತು.

ಬೆನ್ನ ಮೇಲೆ ಸುಮಾರು 25 ಕಿಲೋ ಭಾರ. ಹಿಮ್ಮಡಿ ಉರಿಯುತ್ತಿತ್ತು. ಹೇಳೋಕೆ ಸಂಕೋಚ, ಸುಮ್ನೆ ನಡೆದೆ. ರಾತ್ರಿ ಬೂಟು ಬಿಚ್ಚಿದರೆ ಕಾಲುಚೀಲ ಗಾಯಕ್ಕೆ ಅಂಟಿಕೊಂಡಿತ್ತು. ಮರುದಿನ ನನ್ನ ಪಾಲಿನ ಮದ್ದುಗುಂಡನ್ನು ಇಬ್ಬರು ಹಂಚಿಕೊಂಡು ಹೊತ್ತರು. ಅವರ ಹಿಂದೆ ಕುಂಟುತ್ತಾ ನಡೆದದ್ದು ಇವತ್ತಿಗೂ ಮರೆತಿಲ್ಲ.

ಆಮೇಲೆ ಒಂದು ರೂಢಿ ಮಾಡಿಕೊಂಡೆ. ಚೂರು ಉರಿ ಕಂಡರೂ ತಕ್ಷಣ ಹೇಳಿ ಟೇಪ್ ಹಚ್ಚುವುದು. ದೊಡ್ಡ ಹಾಲ್ಟ್ ಸಿಕ್ಕರೆ ಬೆರಳ ಸಂದು ಒರೆಸಿ, ಪೌಡರ್ ಹಾಕಿ, ಒಣಗಿದ ಕಾಲುಚೀಲ ಹಾಕುವುದು. ಒದ್ದೆಯದನ್ನು ಅಂಗಿಯೊಳಗೆ ಇಟ್ಟುಕೊಂಡರೆ ಮೈ ಬಿಸಿಗೆ ಒಣಗುತ್ತದೆ. ಒಬ್ಬ ಬೂಟು ಬಿಚ್ಚಿದಾಗ ಜೊತೆಗಾರ ಕಾವಲಿಗೆ, ಆಮೇಲೆ ಅದಲುಬದಲು. ಇದು ಚಿಕ್ಕ ವಿಷಯ ಅಲ್ಲ. ಮೊದಲ ಮಹಾಯುದ್ಧದಲ್ಲಿ ನೀರು ನಿಂತ ಕಂದಕಗಳಲ್ಲಿ ದಿನಗಟ್ಟಲೆ ನಿಂತು ಸಾವಿರಾರು ಸೈನಿಕರಿಗೆ 'ಟ್ರೆಂಚ್ ಫುಟ್' ಬಂತು, ಅಂದರೆ ಒದ್ದೆಯಲ್ಲೇ ಇದ್ದು ಕಾಲು ಕೆಡುವ ರೋಗ. ಎಷ್ಟೋ ಜನರ ಕಾಲನ್ನೇ ಕತ್ತರಿಸಬೇಕಾಯಿತು.

ನಮ್ಮ ಸೆಕ್ಷನ್‌ನಲ್ಲಿ 10 ಜನ. ಮುಂದೆ ನುಗ್ಗುವಾಗ ಕೆಲವರು ಗುಂಡು ಹಾರಿಸಿ ಎದುರಾಳಿ ತಲೆ ಎತ್ತದ ಹಾಗೆ ಮಾಡುತ್ತಾರೆ. ಅಷ್ಟರಲ್ಲಿ ಉಳಿದವರು ಎದ್ದು ಓಡಿ ಮುಂದಿನ ಮರೆ ಸೇರಬೇಕು. ಒಂದು ಓಟ ಅಂದರೆ 3ರಿಂದ 5 ಸೆಕೆಂಡ್, ಅಷ್ಟೇ. ಅದಕ್ಕಿಂತ ಜಾಸ್ತಿ ಓಡಿದರೆ ಗುರಿಗೆ ಸಿಗುತ್ತೀರಿ. ಕಾಲು ನೋಯುತ್ತಿರುವವನು ಆ 5 ಸೆಕೆಂಡಿನಲ್ಲಿ ಎಲ್ಲಿಗೆ ತಲುಪಿಯಾನು?

ಫಿರಂಗಿ ದೂರದಿಂದ ಹೊಡೆಯುತ್ತದೆ, ವಿಮಾನ ಬಾಂಬ್ ಹಾಕಿ ಹೋಗುತ್ತದೆ. ಗೆದ್ದ ಗುಡ್ಡದ ಮೇಲೆ ರಾತ್ರಿ ಕಳೆಯುವವನು ಕಾಲಾಳು. ಗುಡ್ಡ ಹತ್ತಿ ಸುಸ್ತಾಗಿದ್ದರೂ ಕೂರುವ ಹಾಗಿಲ್ಲ. ಎದುರಾಳಿ ತಿರುಗಿ ಬೀಳುವುದು ಆಗಲೇ. ಮೊದಲು ಮದ್ದುಗುಂಡು ಎಷ್ಟು ಉಳಿದಿದೆ ಅಂತ ಎಣಿಸಿ ಹಂಚಿಕೊಳ್ಳುತ್ತೇವೆ, ಆಮೇಲೆ ಮೋರ್ಚಾ, ಅಂದರೆ ಮರೆಯಾಗಿ ಗುಂಡು ಹಾರಿಸುವ ಗುಂಡಿ, ಅಗೆಯಲು ಶುರು. ಮೊದಲು ಮಲಗಿ ಗುಂಡು ಹಾರಿಸುವಷ್ಟು ಆಳ, ಹೊತ್ತು ಸಿಕ್ಕ ಹಾಗೆ ಎದೆಮಟ್ಟ. ಹೊಸ ಮಣ್ಣು ದೂರಕ್ಕೇ ಎದ್ದು ಕಾಣುತ್ತದೆ, ಅದನ್ನು ಹುಲ್ಲಿನಿಂದ ಮುಚ್ಚಲೇಬೇಕು.

ಬೆಳಕು ಹರಿಯುವ ಮುಂಚೆ ಎಲ್ಲರೂ ಎದ್ದು ಮೋರ್ಚಾದಲ್ಲಿ ನಿಲ್ಲುತ್ತೇವೆ. ಯಾರೂ ಮಾತಾಡುವುದಿಲ್ಲ. ಮುಂದಿನ ಪೊದೆಗಳು ಒಂದೊಂದಾಗಿ ಕಾಣತೊಡಗುತ್ತವೆ. ಪಕ್ಕದಲ್ಲಿ ಜೊತೆಗಾರ ಉಸಿರಾಡುವ ಸದ್ದು ಕೇಳಿಸುತ್ತಿದ್ದರೆ ನನಗೆ ಧೈರ್ಯ.