ಅಪಧಮನಿಯ ಸ್ಲೈಡಿನಲ್ಲಿ ಸ್ನಾಯುಕೋಶವನ್ನು ಓದುವುದು ಹೇಗೆ

ಪೆಥಾಲಜಿಗೆ ಹೊಸದಾಗಿ ಸೇರಿದ ಪಿಜಿಗಳು ರಕ್ತನಾಳದ ಸ್ಲೈಡ್ ಬಂದರೆ ಮುಖ ಸಿಂಡರಿಸುತ್ತಾರೆ. ಗೆಡ್ಡೆಯ ಸ್ಲೈಡಾದರೆ ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬ ಕುತೂಹಲವಾದರೂ ಇರುತ್ತದೆ; ಇಲ್ಲಿ ನೋಡಿದರೆ ಒಂದು ತೂತು, ಅದರ ಸುತ್ತ ಒಂದಿಷ್ಟು ಗುಲಾಬಿ ಬಣ್ಣ. ‘ಅಥೆರೋಸ್ಕ್ಲೆರೋಸಿಸ್’ (ನಾಳದಲ್ಲಿ ಕೊಬ್ಬು ಕಟ್ಟುವ ರೋಗ) ಎಂದು ಗೀಚಿ ಮುಂದಿನ ಟ್ರೇಗೆ ಕೈ ಹಾಕುತ್ತಾರೆ. ಆ ಗುಲಾಬಿ ಬಣ್ಣದಲ್ಲಿರುವ ಸ್ಮೂತ್ ಮಸಲ್ ಕೋಶದ, ಅಂದರೆ ನಾಳವನ್ನು ಬಿಗಿಸುವ ಸ್ನಾಯುಕೋಶದ, ಸ್ವಭಾವ ಗೊತ್ತಾದರೆ ಇಷ್ಟು ಅವಸರ ಮಾಡುವುದಿಲ್ಲ. ಹೃದಯದ ಸ್ನಾಯುಕೋಶ ಒಮ್ಮೆ ಬಲಿತರೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ನಾಳದ ಗೋಡೆಯ ಸ್ನಾಯುಕೋಶ ಹಾಗಲ್ಲ. ಬಲಿತ ಮೇಲೂ ಸಂಕುಚಿಸುವ ಕೆಲಸ ಬಿಟ್ಟು ಮತ್ತೆ ವಿಭಜಿಸಬಲ್ಲದು, ಜಾಗ ಬಿಟ್ಟು ಸರಿಯಬಲ್ಲದು, ಕೊಲಾಜನ್ ಎಂಬ ನಾರು ಸುರಿಸಬಲ್ಲದು, ಕೊಬ್ಬು ನುಂಗಬಲ್ಲದು, ಮೂಳೆಕೋಶದಂತೆ ಸುಣ್ಣ ಕಟ್ಟಬಲ್ಲದು. ಒಂದೇ ಬಣ್ಣ ಹಾಕಿ ಅದರ ಹೆಸರು ಹೇಳಲು ಹೊರಟರೆ ಕೆಲಸ ಕೆಡುತ್ತದೆ. ಅದು ಎಲ್ಲಿ ಕೂತಿದೆ, ಸುತ್ತ ಏನು ಕಟ್ಟಿಕೊಂಡಿದೆ, ಎಲ್ಲಿಂದ ಬಂದಿರಬಹುದು ಎಂದು ಕೇಳಿಕೊಂಡೇ ಓದಬೇಕು. ನನ್ನ ಪಿಜಿಗಳಿಗೆ ಹೇಳಿಕೊಡುವ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಹೊಕ್ಕುಳಬಳ್ಳಿ

ಕೆಟ್ಟ ನಾಳ ನೋಡುವ ಮೊದಲು ಒಳ್ಳೆಯ ನಾಳ ನೋಡಿ. ಅದಕ್ಕೆ ಪರೀಕ್ಷೆಗೆಂದು ಬರುವ ಪ್ಲಾಸೆಂಟಾಗಿಂತ ಸುಲಭದ ದಾರಿಯಿಲ್ಲ. ಬಳ್ಳಿಯ ಅಡ್ಡ ತುಂಡೊಂದನ್ನು ಕ್ಯಾಸೆಟ್ಟಿಗೆ ಹಾಕಿದರೆ ಎರಡು ಅಪಧಮನಿ, ಒಂದು ಅಭಿಧಮನಿ, ನಡುವೆ ವಾರ್ಟನ್ಸ್ ಜೆಲ್ಲಿ ಎಂಬ ಲೋಳೆ ಸಿಗುತ್ತದೆ. ಅಪಧಮನಿಗಳು ಬಿಗಿದು ಬಾಯಿ ಮುಚ್ಚಿಕೊಂಡಿರುತ್ತವೆ. ಮಗು ಹುಟ್ಟಿದ ಕೂಡಲೇ ರಕ್ತ ನಿಲ್ಲಿಸಬೇಕಾದದ್ದು ಇದೇ ಸ್ನಾಯು. ಅದು ತನ್ನ ಕೆಲಸ ಮಾಡಿ ಮುಗಿಸಿದೆ. ನಲವತ್ತರ ಲೆನ್ಸಿಗೆ ಹೋಗಿ ನ್ಯೂಕ್ಲಿಯಸ್ ನೋಡಿ. ಉದ್ದಕ್ಕೆ ಸಿಕ್ಕ ಕೋಶದಲ್ಲಿ ಅದು ಎರಡೂ ತುದಿ ಮೊಂಡಾದ ಬೀಡಿಯ ಹಾಗಿರುತ್ತದೆ, ಬಿಗಿದ ಕೋಶದಲ್ಲಿ ತಿರುಚಿಕೊಂಡಿರುತ್ತದೆ. ನಾರು ಕಟ್ಟುವ ಕೋಶವಾದ ಫೈಬ್ರೋಬ್ಲಾಸ್ಟಿನ ನ್ಯೂಕ್ಲಿಯಸ್ ಇದಕ್ಕಿಂತ ಸಣಕಲು, ತುದಿ ಚೂಪು. ಈ ವ್ಯತ್ಯಾಸ ಕಣ್ಣಿಗೆ ಹತ್ತುವವರೆಗೂ ಮುಂದೆ ಹೋಗಬೇಡಿ.

ಪ್ಲಾಸೆಂಟಾ ಕೈಯಲ್ಲಿರುವಾಗಲೇ ಗರ್ಭಕೋಶಕ್ಕೆ ಅಂಟಿದ್ದ ಬದಿಯಿಂದಲೂ ಒಂದು ತುಂಡು ತೆಗೆದುಕೊಳ್ಳಿ. ಸರಿಯಾಗಿ ಬೆಳೆದ ಬಸಿರಿನಲ್ಲಿ ಮಗುವಿನ ಕಡೆಯ ಟ್ರೋಫೋಬ್ಲಾಸ್ಟ್ ಕೋಶಗಳು ತಾಯಿಯ ಸುರುಳಿ ಅಪಧಮನಿಗಳೊಳಗೆ ನುಗ್ಗಿ ಅಲ್ಲಿನ ಸ್ನಾಯುವನ್ನು ಖಾಲಿ ಮಾಡಿಸುತ್ತವೆ. ನಾಳ ಅಗಲವಾಗಿ, ಬಿಗಿಯಲಾರದಂತಾಗಿ, ರಕ್ತ ಧಾರಾಳವಾಗಿ ಹರಿಯುತ್ತದೆ. ಬಸಿರಿನಲ್ಲಿ ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾದಲ್ಲಿ ಹಲವು ಕಡೆ ಆ ಸ್ನಾಯು ಹೋಗದೆ ಉಳಿದಿರುತ್ತದೆ. ಸ್ನಾಯುಕೋಶ ಇಲ್ಲದಿರುವುದೇ ಆರೋಗ್ಯ, ಇದ್ದರೆ ರೋಗ ಎಂಬ ಜಾಗವೂ ದೇಹದಲ್ಲಿದೆ.

ಬಣ್ಣದ ವಿಷಯ. ಬರೀ ಎಚ್‌ಅಂಡ್‌ಇ, ಅಂದರೆ ಎಲ್ಲ ಸ್ಲೈಡಿಗೂ ಹಾಕುವ ಮಾಮೂಲು ಬಣ್ಣ, ಸಾಲದು. ಪಕ್ಕದ ಸೆಕ್ಷನ್ನಿಗೆ ವೆರ್‌ಹಾಫ್–ವ್ಯಾನ್ ಗೀಸನ್ ಹಾಕಿಸಿ: ಎಲಾಸ್ಟಿನ್ (ಹಿಗ್ಗುವ ಎಳೆ) ಕಪ್ಪು, ಕೊಲಾಜನ್ ಕೆಂಪು, ಸ್ನಾಯು ಹಳದಿ. ಫೆರಿಕ್ ಕ್ಲೋರೈಡಿನಲ್ಲಿ ಬಣ್ಣ ಇಳಿಸುವಾಗ ಮೈಕ್ರೋಸ್ಕೋಪಿನಲ್ಲಿ ಆಗಾಗ ನೋಡುತ್ತಲೇ ಇರಬೇಕು. ಹೆಚ್ಚು ಇಳಿದರೆ ಸಣ್ಣ ಎಲಾಸ್ಟಿಕ್ ಎಳೆಗಳು ಮಾಯ. ಆಮೇಲೆ ‘ಎಲಾಸ್ಟಿನ್ ತುಂಡಾಗಿದೆ’ ಎಂದು ಬರೆದರೆ ಅದು ರೋಗಿಯ ಕಾಯಿಲೆಯಲ್ಲ, ನಮ್ಮ ಲ್ಯಾಬಿನದು.

ಎಲ್ಲಿಂದ ಕತ್ತರಿಸಿದ್ದು?

ಅಯೋರ್ಟಾದ, ಅಂದರೆ ಹೃದಯದಿಂದ ಹೊರಡುವ ಮಹಾಪಧಮನಿಯ, ತುಂಡು ಬಂದರೆ ನಮ್ಮ ಟೆಕ್ನಿಷಿಯನ್ ಕೇಳುವ ಮೊದಲ ಪ್ರಶ್ನೆ, “ಮೇಡಂ, ಇದು ಎಲ್ಲಿಯದು?” ಫಾರಂನಲ್ಲಿ ಬರೀ ‘ಅಯೋರ್ಟಾ’ ಎಂದಿದ್ದರೆ ಅವರು ಥಿಯೇಟರಿಗೆ ಫೋನ್ ಮಾಡಿಯೇ ಮಾಡುತ್ತಾರೆ. ಅವರು ಮಾಡುವುದು ಸರಿ. ಅಯೋರ್ಟಾ ಹೊರಗಿನಿಂದ ಒಂದೇ ಕೊಳವೆಯಾಗಿ ಕಂಡರೂ ಅದರ ಸ್ನಾಯುಕೋಶಗಳು ಭ್ರೂಣದಲ್ಲಿ ಒಂದೇ ಮೂಲದಿಂದ ಬಂದವಲ್ಲ. ಹೃದಯಕ್ಕೆ ಅಂಟಿದ ಬುಡದಲ್ಲಿ ಎರಡನೇ ಹೃದಯಕ್ಷೇತ್ರ ಎನ್ನುವ ಭಾಗದಿಂದ ಬಂದವು ಬಹಳ; ಮೇಲೇರುವ ಭಾಗ ಮತ್ತು ಕಮಾನಿನಲ್ಲಿ ನರಶಿಖೆಯಿಂದ, ಅಂದರೆ ನ್ಯೂರಲ್ ಕ್ರೆಸ್ಟಿನಿಂದ ಬಂದವು; ಎದೆಯಲ್ಲಿ ಕೆಳಗಿಳಿಯುವ ಭಾಗದಲ್ಲಿ ಭ್ರೂಣದ ಬೆನ್ನುದ್ದಕ್ಕೂ ಸಾಲಾಗಿರುವ ಸೋಮೈಟು ಎಂಬ ತುಣುಕುಗಳಿಂದ ಬಂದವು. ಹೃದಯಕ್ಕೇ ರಕ್ತ ಕೊಡುವ ಕೊರೊನರಿ ಅಪಧಮನಿಗಳದು ಇನ್ನೊಂದೇ ಕಥೆ: ಅಲ್ಲಿನ ಸ್ನಾಯು ಹೃದಯದ ಹೊರಪದರವಾದ ಎಪಿಕಾರ್ಡಿಯಂನಿಂದ ಬರುತ್ತದೆ.

ಇದು ಭ್ರೂಣಶಾಸ್ತ್ರದ ಪರೀಕ್ಷೆಗೆ ಮಾತ್ರ ಬೇಕಾದ ವಿಷಯವಲ್ಲ. 1996ರಲ್ಲಿ ಪ್ರಕಟವಾದ ಕೋಳಿ ಭ್ರೂಣದ ಅಧ್ಯಯನದಲ್ಲಿ ಎರಡು ಮೂಲದ ಅಯೋರ್ಟಾ ಸ್ನಾಯುಕೋಶಗಳಿಗೂ ಟಿಜಿಎಫ್–ಬೀಟಾ ಎಂಬ ಒಂದೇ ಸಂಕೇತ ಪ್ರೋಟೀನ್ ಕೊಟ್ಟರೆ ನರಶಿಖೆಯವು ವಿಭಜಿಸಿ ಹೆಚ್ಚಾದವು, ಮೀಸೋಡರ್ಮಿನವು (ಭ್ರೂಣದ ನಡುಪದರದಿಂದ ಬಂದವು) ಬೆಳವಣಿಗೆ ತಗ್ಗಿಸಿದವು. ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಇದ್ದರೂ ಒಂದೇ ಸುದ್ದಿಗೆ ಅವುಗಳ ಉತ್ತರ ಬೇರೆಬೇರೆ. ಹಾಗಾಗಿ ಕ್ಯಾಸೆಟ್ಟಿನ ಮೇಲೆ ಜಾಗ ಬರೆಯದ ಅಯೋರ್ಟಾ ತುಂಡು ಅರ್ಧ ತುಂಡು.

ಡಕ್ಟಸ್: ದೇಹವೇ ಮಾಡಿ ತೋರಿಸುವ ಪಾಠ

ಬೆಳವಣಿಗೆ ಮತ್ತು ರೋಗ ಎರಡನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳಲು, ಭ್ರೂಣದಲ್ಲಿ ಶ್ವಾಸಕೋಶದ ಅಪಧಮನಿಯನ್ನು ಅಯೋರ್ಟಾಕ್ಕೆ ಜೋಡಿಸುವ ಡಕ್ಟಸ್ ಆರ್ಟೀರಿಯೋಸಸ್‌ಗಿಂತ ಒಳ್ಳೆಯ ನಾಳ ನನಗೆ ಗೊತ್ತಿಲ್ಲ. ವಿಭಾಗದ ಮ್ಯೂಸಿಯಂ ಬ್ಲಾಕುಗಳಲ್ಲಿ ನವಜಾತ ಶಿಶುವಿನ ಡಕ್ಟಸ್ ಇದ್ದರೆ ಹುಡುಕಿಸಿ ನೋಡಿ. ಅತ್ತ ಅಯೋರ್ಟಾ, ಇತ್ತ ಪಲ್ಮನರಿ ಅಪಧಮನಿ, ಎರಡೂ ಎಲಾಸ್ಟಿನ್ ತುಂಬಿದ ನಾಳಗಳು. ನಡುವಿನ ಡಕ್ಟಸ್ ಮಾತ್ರ ಸ್ನಾಯುವಿನದು. ವೆರ್‌ಹಾಫ್ ಸ್ಲೈಡಿನಲ್ಲಿ ಕಪ್ಪು ಪಟ್ಟೆಗಳು ಒಂದು ಕಡೆ ನಿಂತು ಹಳದಿ ಶುರುವಾಗುವುದು ಬರಿಗಣ್ಣಿಗೇ ಕಂಡೀತು. ಬಸಿರಿನ ಕೊನೆಯ ತಿಂಗಳುಗಳಲ್ಲೇ ಇದರ ಒಳಗಿನ ಎಲಾಸ್ಟಿಕ್ ಪದರ ಅಲ್ಲಲ್ಲಿ ಬಿರಿದು, ಗೋಡೆಯ ನಡುಪದರವಾದ ಮೀಡಿಯಾದ ಸ್ನಾಯುಕೋಶಗಳು ಒಳಪದರವಾದ ಇಂಟಿಮಾಕ್ಕೆ ಸರಿದು, ಹಯಾಲುರೋನಾನ್ ಎಂಬ ಲೋಳೆ ತುಂಬಿದ ದಿಂಬುಗಳನ್ನು ಕಟ್ಟುತ್ತವೆ. ಹುಟ್ಟಿದ ಮೇಲೆ ರಕ್ತದಲ್ಲಿ ಆಮ್ಲಜನಕ ಏರುತ್ತದೆ, ನಾಳವನ್ನು ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಇ2 ಇಳಿಯುತ್ತದೆ, ನಾಳ ಬಿಗಿಯುತ್ತದೆ, ದಿಂಬುಗಳು ಉಳಿದ ಸಂದನ್ನು ಮುಚ್ಚುತ್ತವೆ. ದಿನ ತುಂಬಿದ ಮಗುವಿನಲ್ಲಿ ಇದು ಸಾಮಾನ್ಯವಾಗಿ ಮೊದಲ ಎರಡು ಮೂರು ದಿನಗಳ ಕೆಲಸ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಡಕ್ಟಸ್ ಮುಚ್ಚಲೆಂದು ಇಂಡೊಮೆಥಸಿನ್ ಅಥವಾ ಐಬುಪ್ರೊಫೆನ್ ಕೊಡುವುದು, ಡಕ್ಟಸ್ ತೆರೆದಿದ್ದರೇ ಬದುಕುವ ಹೃದಯದೋಷದ ಮಗುವಿಗೆ ಪ್ರೊಸ್ಟಗ್ಲಾಂಡಿನ್ ಡ್ರಿಪ್ ಹಾಕುವುದು, ಎರಡೂ ಇದೇ ಸ್ನಾಯುವಿನ ಜೊತೆಗಿನ ಮಾತುಕತೆ.

ಈಗ ಆ ಸ್ಲೈಡಿನ ಲೇಬಲ್ ಮುಚ್ಚಿ ಮತ್ತೆ ನೋಡಿ. ಬಿರಿದ ಎಲಾಸ್ಟಿಕ್ ಪದರ, ಒಳಕ್ಕೆ ಸರಿದ ಸ್ನಾಯುಕೋಶ, ದಪ್ಪಗಾದ ಇಂಟಿಮಾ, ಕಿರಿದಾದ ದಾರಿ. ಐವತ್ತರ ಗಂಡಸಿನ ಕೊರೊನರಿಯಲ್ಲಿ ಇದನ್ನೇ ಕಂಡಿದ್ದರೆ ಕಾಯಿಲೆ ಎನ್ನುತ್ತಿದ್ದಿರಿ. ಎಲಾಸ್ಟಿನ್ ಬರೀ ಹಿಗ್ಗುವ ಎಳೆಯಲ್ಲ, ಸ್ನಾಯುಕೋಶವನ್ನು ತೆಪ್ಪಗೆ ಕೂರಿಸುವ ಕೈಯೂ ಹೌದು ಎಂಬುದಕ್ಕೆ 1998ರಲ್ಲಿ ಇಲಿಗಳಿಂದ ನೇರ ಸಾಕ್ಷಿ ಸಿಕ್ಕಿತು. ಎಲಾಸ್ಟಿನ್ ಜೀನ್ ಇಲ್ಲದ ಇಲಿಮರಿಗಳಲ್ಲಿ ಉರಿಯೂತವಿಲ್ಲ, ಕೊಬ್ಬಿಲ್ಲ, ಗಾಯವಿಲ್ಲ. ಆದರೂ ಸ್ನಾಯುಕೋಶಗಳು ಬೆಳೆಬೆಳೆದು ಅಪಧಮನಿ ಮುಚ್ಚಿ, ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗಳು ಸತ್ತವು. ಮನುಷ್ಯರಲ್ಲಿ ವಿಲಿಯಮ್ಸ್ ಸಿಂಡ್ರೋಮಿನ ಮಕ್ಕಳಿಗೆ ಅಯೋರ್ಟಿಕ್ ಕವಾಟದ ಮೇಲೆ ನಾಳ ಕಿರಿದಾಗುವುದೂ ಎಲಾಸ್ಟಿನ್ ಕೊರತೆಯಿಂದಲೇ. ಯಾವ ಸ್ಲೈಡಿನಲ್ಲೇ ಆಗಲಿ ಕಪ್ಪು ಗೆರೆ ಎಲ್ಲಿ ಮುರಿದಿದೆಯೋ ಅಲ್ಲಿ ನಿಂತು ನೋಡಿ.

ಕೊರೊನರಿ: ಇಲ್ಲಿ ನಿಧಾನ

ಕೊರೊನರಿಯ ಇಂಟಿಮಾ ದಪ್ಪಗಿರುವುದೇ ರೋಗವಲ್ಲ. ಹಸುಗೂಸಿನಿಂದಲೇ ಅಲ್ಲಿ ಸ್ನಾಯುಕೋಶಗಳ ಪದರ ಇರುತ್ತದೆ, ವಯಸ್ಸಿನ ಜೊತೆ ಬೆಳೆಯುತ್ತದೆ. ಆ ಪದರದಲ್ಲಿ ಕೊಬ್ಬು, ನೊರೆಕೋಶ (ಕೊಬ್ಬು ನುಂಗಿ ನೊರೆಯಂತೆ ಕಾಣುವ ಕೋಶ), ಸತ್ತ ಕೋಶಗಳ ರಾಶಿ ಇದೆಯೇ ಎಂದು ಕೇಳಿಕೊಳ್ಳಿ.

ನೊರೆಕೋಶ ಕಂಡ ಕೂಡಲೇ ಎಲ್ಲರೂ ಬರೆಯುವುದು ‘ಮ್ಯಾಕ್ರೋಫೇಜ್’, ಅಂದರೆ ಕಸ ನುಂಗುವ ರಕ್ಷಣಾಕೋಶ, ಎಂದು. ಮ್ಯಾಕ್ರೋಫೇಜಿನ ಗುರುತೆಂದು ಬಳಸುವ ಸಿಡಿ68 ಬಣ್ಣ ಹಾಕಿ ಕಂದು ಬಂದರೆ ಅನುಮಾನವೇ ಮುಗಿಯಿತು. ಇದು ದೊಡ್ಡ ಮೋಸ. ಸ್ನಾಯುಕೋಶಕ್ಕೆ ಕೊಲೆಸ್ಟರಾಲ್ ತಿನ್ನಿಸಿದರೆ ಅದೂ ಸಿಡಿ68 ತೋರಿಸುತ್ತದೆಂದು 2003ರಲ್ಲೇ ಗೊತ್ತಾಗಿದೆ. ಮನುಷ್ಯರ ಕೊರೊನರಿ ಇಂಟಿಮಾವನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ ನೊರೆಕೋಶಗಳಲ್ಲಿ ಅರ್ಧದಷ್ಟು ಸ್ನಾಯುಕೋಶ ಮೂಲದವೇ ಇದ್ದವು. ಇತ್ತ ಎಸ್‌ಎಂಎ, ಅಂದರೆ ಸ್ಮೂತ್ ಮಸಲ್ ಆಕ್ಟಿನ್ ಎಂಬ ಸಂಕುಚನದ ಪ್ರೋಟೀನಿನ, ಬಣ್ಣವೂ ಎರಡೂ ಕಡೆ ಕೈ ಕೊಡುತ್ತದೆ. ಗಾಯ ಮಾಯುವಾಗ ಬರುವ ಮಯೋಫೈಬ್ರೋಬ್ಲಾಸ್ಟ್ ಕೂಡ ಅದನ್ನು ತೋರಿಸುತ್ತದೆ. ನಿಜವಾದ ಸ್ನಾಯುಕೋಶ ಸ್ವಭಾವ ಬದಲಿಸಿದಾಗ ಅದನ್ನು ಕಳೆದುಕೊಳ್ಳುತ್ತದೆ. ವರ್ಜೀನಿಯಾದ ಗ್ಯಾರಿ ಓವೆನ್ಸ್ ತಂಡ ಇಲಿಗಳ ಸ್ನಾಯುಕೋಶಗಳಿಗೆ ಅಳಿಸಲಾಗದ ಗುರುತು ಹಾಕಿ ಇಂಟಿಮಾದಲ್ಲಿ ಕೊಬ್ಬಿನ ಗಂಟು, ಅಂದರೆ ಪ್ಲಾಕ್, ಬೆಳೆಯುವವರೆಗೂ ಕಾದು ನೋಡಿ 2015ರಲ್ಲಿ ಪ್ರಕಟಿಸಿತು: ಬಲಿತ ಪ್ಲಾಕಿನೊಳಗಿನ ಸ್ನಾಯುಕೋಶ ಸಂತತಿಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಕೋಶಗಳಿಗೆ ಸ್ನಾಯುವಿನ ಮಾಮೂಲು ಗುರುತುಗಳೇ ಉಳಿದಿರಲಿಲ್ಲ. ನಾವು ದಿನವೂ ಹಾಕುವ ಬಣ್ಣಕ್ಕೆ ಅಷ್ಟೂ ಕೋಶಗಳು ಸಿಗುವುದೇ ಇಲ್ಲ.

ಈ ಬದಲಾವಣೆಯ ಸ್ವಿಚ್ಚುಗಳೂ ಸ್ವಲ್ಪ ಗೊತ್ತಿರಲಿ. 2001ರಲ್ಲಿ ಪತ್ತೆಯಾದ ಮಯೋಕಾರ್ಡಿನ್ ಎಂಬ ಪ್ರೋಟೀನ್, ಇನ್ನೊಂದು ಪ್ರೋಟೀನಾದ ಎಸ್‌ಆರ್‌ಎಫ್ ಜೊತೆ ಸೇರಿ ಸಂಕುಚನದ ಜೀನುಗಳನ್ನು ನಡೆಸುತ್ತದೆ. ಬೆಳೆಯಲು ಹೇಳುವ ಪಿಡಿಜಿಎಫ್ ಸಂಕೇತ ಬಂದಾಗ ಏರುವ ಕೆಎಲ್‌ಎಫ್4 ಅವನ್ನು ಆಫ್ ಮಾಡುತ್ತದೆ. ‘ಸಂಕುಚಿಸುವ ಕೋಶ, ಕಟ್ಟುವ ಕೋಶ’ ಎಂಬ ಎರಡೇ ಖಾನೆಗಳು ಪರೀಕ್ಷೆಯ ಉತ್ತರ ಪತ್ರಿಕೆಗೆ ಸಾಕು. ಸ್ಲೈಡಿನಲ್ಲಿ ನಡುವಿನ ಎಲ್ಲ ಅವಸ್ಥೆಗಳೂ ಒಟ್ಟಿಗೇ ಸಿಗುತ್ತವೆ.

ಎಲ್ಲ ಬದಲಾವಣೆಯೂ ಕೆಟ್ಟದ್ದಲ್ಲ. ಪ್ಲಾಕಿನ ಮೇಲಿನ ನಾರುಮುಚ್ಚಳ ಕಟ್ಟುವುದು ಹೀಗೆ ಬದಲಾದ ಕೋಶಗಳೇ. ಮುಚ್ಚಳ ಗಟ್ಟಿಯಿದ್ದರೆ ಪ್ಲಾಕ್ ಒಡೆಯುವುದಿಲ್ಲ. 65 ಮೈಕ್ರಾನಿಗಿಂತ ತೆಳುವಾಗಿದ್ದರೆ ಅಪಾಯದ ಪ್ಲಾಕ್ ಎಂಬ ಅಳತೆ 1997ರಿಂದ ಬಳಕೆಯಲ್ಲಿದೆ. ಐಪೀಸಿನಲ್ಲಿ ಸ್ಕೇಲ್ ಇಲ್ಲದಿದ್ದರೆ ಕೆಂಪು ರಕ್ತಕಣವನ್ನೇ ಅಳತೆಗೋಲು ಮಾಡಿಕೊಳ್ಳಿ: ಎಂಟೊಂಬತ್ತು ಕಣ ಸಾಲಾಗಿ ಇಟ್ಟರೆ ಸುಮಾರು ಅಷ್ಟಾಗುತ್ತದೆ. ಮುಚ್ಚಳದ ಅತಿ ತೆಳುವಾದ ಕಡೆ, ಸಾಮಾನ್ಯವಾಗಿ ಪ್ಲಾಕಿನ ‘ಭುಜ’ ಎನ್ನುವ ಅಂಚಿನ ಹತ್ತಿರ, ಅಳೆಯಿರಿ. ನಡುವೆ ಅಳೆದು ನೆಮ್ಮದಿ ಪಡಬೇಡಿ.

ವರದಿಯಲ್ಲಿ ‘ಸ್ನಾಯುಕೋಶಗಳು ಇವೆ, ಮ್ಯಾಕ್ರೋಫೇಜ್‌ಗಳು ಇವೆ’ ಎಂದು ತೀರ್ಪು ಕೊಡುವ ಬದಲು ಕಂಡದ್ದನ್ನು ಬರೆಯಿರಿ: ‘ಇಂಟಿಮಾದಲ್ಲಿ ಎಸ್‌ಎಂಎ ಹಿಡಿದ ಕದಿರಿನಾಕಾರದ ಕೋಶಗಳು, ಸಿಡಿ68 ಹಿಡಿದ ನೊರೆಕೋಶಗಳು, ಮೂಲ ನಿರ್ಧರಿಸಿಲ್ಲ.’ ಸ್ನಾಯುವಿನ ಮಯೋಸಿನ್ ತೋರಿಸುವ ಎಂವೈಎಚ್11 ಬಣ್ಣ ಸಿಗುವಂತಿದ್ದರೆ ಜೊತೆಗೆ ಹಾಕಿಸಿ, ಅದು ಎಸ್‌ಎಂಎಗಿಂತ ನಂಬಿಕಸ್ಥ.

ಸ್ಟೆಂಟ್ ಹಾಕಿದ ನಾಳ

ಮನುಷ್ಯರಿಗೆ ಮೊದಲ ಕೊರೊನರಿ ಸ್ಟೆಂಟ್ ಹಾಕಿದ್ದು 1986ರಲ್ಲಿ. ಬಲೂನು ಮತ್ತು ಲೋಹ ಗೋಡೆಯನ್ನು ಗಾಯ ಮಾಡುತ್ತವೆ, ಪ್ಲೇಟ್‌ಲೆಟ್ಟುಗಳು ಪಿಡಿಜಿಎಫ್ ಸುರಿಯುತ್ತವೆ, ಸ್ನಾಯುಕೋಶಗಳು ಎದ್ದು ಕೂರುತ್ತವೆ. ಬರಿ ಲೋಹದ ಸ್ಟೆಂಟುಗಳಲ್ಲಿ ನೂರಕ್ಕೆ 20ರಿಂದ 30 ಮತ್ತೆ ಕಿರಿದಾಗುತ್ತಿದ್ದವು. ಇದಕ್ಕೆ ಮದ್ದು ಬಂದದ್ದು ಈಸ್ಟರ್ ದ್ವೀಪದ ಮಣ್ಣಿನಿಂದ. ಅಲ್ಲಿಂದ ತಂದ ಬ್ಯಾಕ್ಟೀರಿಯಾದಲ್ಲಿ ಭಾರತ ಮೂಲದ ಸುರೇನ್ ಸೆಹ್ಗಲ್ ತಂಡ ಕಂಡುಕೊಂಡ ಸಿರೊಲಿಮಸ್, ಕೋಶಚಕ್ರವನ್ನು ಜಿ1 ಹಂತದಲ್ಲೇ, ಅಂದರೆ ವಿಭಜನೆಗೆ ಸಿದ್ಧವಾಗುವ ಮೊದಲ ಹಂತದಲ್ಲೇ, ತಡೆಯುತ್ತದೆ. ಅದನ್ನು ಲೇಪಿಸಿದ ಸ್ಟೆಂಟಿಗೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು. ಮದ್ದು ಸ್ನಾಯುಕೋಶವನ್ನಷ್ಟೇ ತಡೆಯದೆ ಎಂಡೋಥೀಲಿಯಂ ಎಂಬ ಒಳಹೊದಿಕೆ ಲೋಹವನ್ನು ಮುಚ್ಚಿಕೊಳ್ಳುವುದನ್ನೂ ತಡಮಾಡುತ್ತದೆ. ರೋಗಿಗೆ ಎರಡೆರಡು ರಕ್ತ ತೆಳು ಮಾಡುವ ಮಾತ್ರೆ ತಿಂಗಳುಗಟ್ಟಲೆ ಕೊಡುವುದು ಅದಕ್ಕೇ. (2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿದ ಮೇಲೆ ಬರಿ ಲೋಹದ ಸ್ಟೆಂಟ್ ಕೇಳುವವರು ಇನ್ನೂ ಕಡಿಮೆಯಾದರು ಎಂಬುದು ನನ್ನ ಅನಿಸಿಕೆ.)

ಸ್ಟೆಂಟ್ ಇರುವ ನಾಳವನ್ನು ಮಾಮೂಲು ಮೈಕ್ರೋಟೋಮಿಗೆ ಕೊಡಬೇಡಿ; ಬ್ಲೇಡೂ ಹೋಗುತ್ತದೆ, ಸ್ಲೈಡೂ ಹೋಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಎಂಬೆಡ್ ಮಾಡಿ ಕೊಯ್ಯುವ ಸೌಲಭ್ಯ ಇರುವ ಕಡೆ ಕಳಿಸಿ.

ಸುಣ್ಣದ ಬಗ್ಗೆ ಒಂದೇ ಮಾತು. ಮೀಡಿಯಾದಲ್ಲಿ ಮಾತ್ರ ಸುಣ್ಣ ಕಟ್ಟಿ, ದಾರಿ ಕಿರಿದಾಗದೆ ಇದ್ದರೆ ಅದು 1903ರಲ್ಲಿ ಮೊಂಕೆಬರ್ಗ್ ವಿವರಿಸಿದ್ದು. ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆಯವರ ಕಾಲಿನಲ್ಲಿ ಹೆಚ್ಚು. ಸುಣ್ಣ ತೋರಿಸುವ ಫಾನ್ ಕಾಸ್ಸಾ ಬಣ್ಣ ಹಾಕುವುದಿದ್ದರೆ ಡೀಕ್ಯಾಲ್ಸಿಫೈ ಮಾಡುವ, ಅಂದರೆ ಸುಣ್ಣ ಕರಗಿಸುವ, ಮೊದಲೇ ಒಂದು ತುಂಡು ಎತ್ತಿಡಿ.

ಎಂಎಸ್ಸಿ ಮಕ್ಕಳಿಗೆ: ಅಯೋರ್ಟಾದಿಂದ ತೆಗೆದ ಸ್ನಾಯುಕೋಶವನ್ನು ಫ್ಲಾಸ್ಕಿನಲ್ಲಿ ಸೀರಂ ಹಾಕಿ ಬೆಳೆಸಿದರೆ ಅದು ಆಗಲೇ ಬದಲಾಗತೊಡಗಿರುತ್ತದೆ. ಎಷ್ಟನೇ ಪ್ಯಾಸೇಜ್ (ಹೊಸ ಫ್ಲಾಸ್ಕಿಗೆ ಎಷ್ಟನೇ ಸಲ ಬದಲಿಸಿದ್ದು) ಎಂದು ಬರೆಯದ ಫಲಿತಾಂಶವನ್ನು ನಾನು ಓದುವುದಿಲ್ಲ.

ಗೋಡೆ ಸೀಳಿದಾಗ

ಕೊನೆಯದಾಗಿ, ಕೋಶ ಹೆಚ್ಚುವ ಬದಲು ಇಲ್ಲವಾಗುವ ಸ್ಲೈಡು. ಚಿಕ್ಕ ವಯಸ್ಸಿನವರು ಅಯೋರ್ಟಾ ಸೀಳಿ ತೀರಿಕೊಂಡು ತುಂಡು ನಿಮ್ಮ ಮುಂದೆ ಬಂದರೆ ಹತ್ತರ ಲೆನ್ಸಿನಲ್ಲಿ ಮೀಡಿಯಾವನ್ನು ಗಾಯದಿಂದ ದೂರದ ಕಡೆ ನೋಡಿ. ನ್ಯೂಕ್ಲಿಯಸ್ಸುಗಳೇ ಇಲ್ಲದ ಪಟ್ಟೆ ಇದೆಯೇ? ಎಲಾಸ್ಟಿಕ್ ಎಳೆಗಳು ತುಂಡಾಗಿವೆಯೇ? ಲೋಳೆಯನ್ನು ತೋರಿಸುವ ಆಲ್ಷಿಯನ್ ಬ್ಲೂ ಹಾಕಿದರೆ ನಡುವೆ ನೀಲಿ ಮಡು ನಿಂತಿದೆಯೇ? ಮಾರ್ಫನ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ಕಾಯಿಲೆ ಎಲ್ಲರಿಗೂ ನೆನಪಿಗೆ ಬರುತ್ತದೆ. ಉದ್ದ ಬೆರಳು, ಎತ್ತರದ ಮೈ ಇಲ್ಲದವರಲ್ಲೂ ಇದು ಆಗುತ್ತದೆ. ಸ್ನಾಯುವಿನ ಆಕ್ಟಿನ್ನಿನದೇ ಜೀನಾದ ಎಸಿಟಿಎ2ರಲ್ಲಿ ದೋಷವಿದ್ದರೆ ಅಯೋರ್ಟಾ ಹಿಗ್ಗಿ ಸೀಳುತ್ತದೆಂದು 2007ರಲ್ಲಿ ತಿಳಿಯಿತು. ಅಂಥ ಕೆಲವು ಕುಟುಂಬಗಳಲ್ಲಿ ಎಳೆಯ ವಯಸ್ಸಿಗೇ ಕೊರೊನರಿ ಕಾಯಿಲೆ, ಪಾರ್ಶ್ವವಾಯು ಕೂಡ ಬರುತ್ತವೆ. ದೊಡ್ಡ ನಾಳದಲ್ಲಿ ಗೋಡೆ ಸೋಲುತ್ತದೆ, ಸಣ್ಣ ನಾಳದಲ್ಲಿ ಅದೇ ದೋಷದ ಕೋಶಗಳು ಬೆಳೆದು ದಾರಿ ಕಟ್ಟುತ್ತವೆ. ಇಲ್ಲಿ ಎಸ್‌ಎಂಎ ಬಣ್ಣ ಚೆನ್ನಾಗಿಯೇ ಹತ್ತಬಹುದು, ಅದನ್ನು ನೋಡಿ ಸಮಾಧಾನಪಡಬೇಡಿ.

ಇಂಥ ವರದಿಯನ್ನು ರೋಗದ ಹೆಸರಿನೊಂದಿಗೆ ಮುಗಿಸಬಾರದು. ಈ ದೋಷವಿದ್ದ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ‘ಒಡಹುಟ್ಟಿದವರಿಗೆ, ಮಕ್ಕಳಿಗೆ ಎಕೋ ಮಾಡಿಸಿ ಅಯೋರ್ಟಾದ ಅಳತೆ ನೋಡುವುದು; ಜೆನೆಟಿಕ್ ಸಲಹೆ ಪಡೆಯುವುದು’ ಎಂಬ ಸಾಲನ್ನು ಸೇರಿಸಿ, ಮರಣೋತ್ತರ ಪರೀಕ್ಷೆ ಮಾಡಿದವರಿಗೆ ಫೋನ್ ಮಾಡಿ ಅದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಲು ತಿಳಿಸಿ. ಕಾಗದವನ್ನು ಅವರು ವಿಮೆಯ ಫೈಲಿನಲ್ಲಿಟ್ಟು ಮರೆತಾರು. ಬ್ಲಾಕನ್ನು ಕಾಪಿಡಿ.