ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಬೇಡ ಎನ್ನಿ

ಮನೆಗೆ ಕಂಪ್ಯೂಟರ್ ಜೋಡಿಸುವವರು ಕ್ಯಾಬಿನೆಟ್ ಜೊತೆ ಪುಕ್ಕಟೆಯಾಗಿ ಸಿಗುವ ಎಸ್‌ಎಂಪಿಎಸ್ ಅನ್ನು, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಬದಲಿಸಿ ಕೊಡುವ ಭಾಗವನ್ನು, ಅಂಗಡಿಯಲ್ಲೇ ಬಿಟ್ಟು, 5 ವರ್ಷ ವಾರಂಟಿ ಇರುವ 450 ವ್ಯಾಟ್‌ನದೊಂದನ್ನು ಬೇರೆಯಾಗಿ ಕೊಳ್ಳಿ. ಹಣ ಸಾಲದಿದ್ದರೆ ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿರಿ. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲಕ್ಕೂ ಕರೆಂಟು ಹೋಗುವುದು ಎಸ್‌ಎಂಪಿಎಸ್‌ನಿಂದಲೇ. ಕಳಪೆಯದು ಸಾಯುವಾಗ ಒಂಟಿಯಾಗಿ ಸಾಯದೆ ಮದರ್‌ಬೋರ್ಡನ್ನೂ ಎಳೆದೊಯ್ಯಬಹುದು. ‘80 ಪ್ಲಸ್’ ಮುದ್ರೆಗೆ ಮರುಳಾಗಬೇಡಿ: ಅದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದರ ಅಳತೆ, ಬಾಳಿಕೆಯದಲ್ಲ. ವಾರಂಟಿಯ ವರ್ಷಗಳೇ ಹೆಚ್ಚು ನಿಜ ಹೇಳುತ್ತವೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕುವುದಾದರೆ 450 ಸಾಲದು. ಕಂಪನಿಗಳು ಮಾರುವ ಹಳೆಯ ಆಫೀಸ್ ಕಂಪ್ಯೂಟರುಗಳಲ್ಲಿ ಹೀಗೆ ಬೇರೆ ಎಸ್‌ಎಂಪಿಎಸ್ ಹಾಕುವ ಉಪಾಯ ಹಲವು ಸಲ ನಡೆಯದು. ಅವುಗಳ ಕನೆಕ್ಟರ್ ಬೇರೆ. ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲದಿದ್ದರೆ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ.